ಗೆಲಾಕ್ಸಿಗಳ ಮೂರು ಆಯಾಮದ ನಕ್ಷೆ

ಗೆಲಾಕ್ಸಿಗಳು ಆಕಾಶದಲ್ಲಿ ಕಾಣುವ ದಿಕ್ಕನ್ನೂ ಭೂಮಿಯಿಂದ ಅವುಗಳಿಗಿರುವ ದೂರವನ್ನೂ ವ್ಯವಸ್ಥಿತ ಸಮೀಕ್ಷೆಗಳ ಮೂಲಕ ಅಳೆದು, ವಿಶ್ವದಲ್ಲಿ ದ್ರವ್ಯ ಹರಡಿಕೊಂಡಿರುವ ಬಗೆಯನ್ನು ಉದ್ದ, ಅಗಲ, ಆಳಗಳಲ್ಲಿ ಗುರುತಿಸಿ ರಚಿಸಿದ ನಕ್ಷೆಯನ್ನು ಗೆಲಾಕ್ಸಿಗಳ ಮೂರು ಆಯಾಮದ ನಕ್ಷೆ ಎನ್ನುತ್ತಾರೆ. ಅಸಂಖ್ಯ ನಕ್ಷತ್ರಗಳೂ ಅನಿಲ, ದೂಳು ಹಾಗೂ ಕಣ್ಣಿಗೆ ಕಾಣದ ಕಪ್ಪುದ್ರವ್ಯವೂ ಪರಸ್ಪರ ಗುರುತ್ವಾಕರ್ಷಣೆಯಿಂದ ಒಗ್ಗೂಡಿ ಆದ ವ್ಯವಸ್ಥೆಯೇ ಗೆಲಾಕ್ಸಿ. ಸೂರ್ಯನನ್ನು ಒಳಗೊಂಡಿರುವ ಆಕಾಶಗಂಗೆ ಅಂಥವುಗಳಲ್ಲಿ ಒಂದು. ನಕ್ಷೆಯಲ್ಲಿ ಇಡೀ ಗೆಲಾಕ್ಸಿಗೆ ಸಿಗುವುದು ಒಂದು ಚುಕ್ಕೆಯಷ್ಟೇ ಜಾಗ. ಇಂಥ ಲಕ್ಷಾಂತರ ಚುಕ್ಕೆಗಳು ಸೇರಿದಾಗ ಗುಚ್ಛಗಳು, ಎಳೆಗಳು, ಗೋಡೆಗಳು ಮತ್ತು ಅವುಗಳ ನಡುವಿನ ಬರಿದಾದ ವಿಶಾಲ ಪ್ರದೇಶಗಳು ಕೂಡಿದ ಒಂದು ಜಾಲ ಗೋಚರವಾಗುತ್ತದೆ.

ಈ ನಕ್ಷೆಯ ಮೂರು ಅಕ್ಷಾಂಕಗಳು ಒಂದೇ ಬಗೆಯವಲ್ಲ. ದಿಕ್ಕನ್ನು ಸೂಚಿಸುವ ಎರಡು ಅಕ್ಷಾಂಕಗಳನ್ನು ಛಾಯಾಚಿತ್ರದಿಂದ ನೇರವಾಗಿ, ಅತ್ಯಂತ ನಿಖರವಾಗಿ ಅಳೆಯಬಹುದು. ಆಳವನ್ನು ಸೂಚಿಸುವ ಮೂರನೆಯದನ್ನು ಮಾತ್ರ ಗೆಲಾಕ್ಸಿಯ ಬೆಳಕನ್ನು ವಿಶ್ಲೇಷಿಸಿ, ವಿಶ್ವದ ವಿಸ್ತರಣೆಯನ್ನು ಕುರಿತ ಒಂದು ಸಿದ್ಧಾಂತದ ನೆರವಿನಿಂದ ಊಹಿಸಬೇಕಾಗುತ್ತದೆ. ಈ ಕ್ಷೇತ್ರದಲ್ಲಿ ಬಳಕೆಗೆ ಬಂದ ಉಪಕರಣಗಳ ವಿನ್ಯಾಸ, ನಕ್ಷೆಗಳಲ್ಲಿ ನುಸುಳುವ ವಿರೂಪಗಳು ಮತ್ತು ನಕ್ಷೆಗಳಿಂದ ಹೊರಡುವ ತೀರ್ಮಾನಗಳು ಬಹುಮಟ್ಟಿಗೆ ಈ ಮೂರನೆಯ ಅಕ್ಷಾಂಕವನ್ನು ಪಡೆಯುವ ಬಗೆಯಿಂದಲೇ ನಿರ್ಧಾರವಾಗಿವೆ.

ದಿಕ್ಕು ಮತ್ತು ದೂರ

ಭೂಮಿಯ ಮೇಲಿನ ಊರನ್ನು ರೇಖಾಂಶ, ಅಕ್ಷಾಂಶಗಳಿಂದ ಗುರುತಿಸುವಂತೆ ಖಗೋಳದ ಮೇಲಿನ ಕಾಯವನ್ನು ವಿಷುವದಂಶ ಮತ್ತು ಘಂಟಾವೃತ್ತಾಂಶ ಎಂಬ ಎರಡು ಕೋನಗಳಿಂದ ಗುರುತಿಸಲಾಗುತ್ತದೆ. ಈ ಎರಡು ಕೋನಗಳಷ್ಟೇ ತಿಳಿದಿದ್ದರೆ ಸಿಗುವುದು ಚಪ್ಪಟೆ ನಕ್ಷೆ. ಅದರಲ್ಲಿ ಅಕ್ಕಪಕ್ಕದಲ್ಲಿರುವಂತೆ ಕಾಣುವ ಎರಡು ಗೆಲಾಕ್ಸಿಗಳು ನಿಜವಾಗಿ ನೆರೆಯವೋ ಅಥವಾ ಒಂದೇ ದಿಕ್ಕಿನಲ್ಲಿ ಒಂದರ ಹಿಂದೆ ಒಂದು ಬಹು ದೂರದಲ್ಲಿರುವವೋ ಎಂದು ಹೇಳಲು ಬರುವುದಿಲ್ಲ. ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ ಡೊನಾಲ್ಡ್ ಶೇನ್ ಮತ್ತು ಕಾರ್ಲ್ ವಿರ್ಟನೆನ್ ಛಾಯಾಫಲಕಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸಿ 1967ರಲ್ಲಿ ಪ್ರಕಟಿಸಿದ ಸುಮಾರು ಹತ್ತು ಲಕ್ಷ ಗೆಲಾಕ್ಸಿಗಳ ಗಣತಿ ಇಂಥ ಚಪ್ಪಟೆ ನಕ್ಷೆಗಳಲ್ಲಿ ಪ್ರಸಿದ್ಧವಾದುದು. ಗೆಲಾಕ್ಸಿಗಳು ಯಾದೃಚ್ಛಿಕವಾಗಿ ಚದುರಿಲ್ಲ, ಗುಂಪುಗೂಡಿವೆ ಎಂಬುದು ಅದರಿಂದ ಸ್ಪಷ್ಟವಾಯಿತಾದರೂ ಆ ಗುಂಪುಗಳ ನಿಜವಾದ ಆಕಾರ ತಿಳಿಯಲಿಲ್ಲ.

ಗೆಲಾಕ್ಸಿಯ ದೂರವನ್ನು ಹೆಚ್ಚು ನೇರವಾಗಿ ಅಳೆಯುವ ವಿಧಾನಗಳೂ ಇವೆ. ಸೆಫೀಡ್ ಎಂಬ ಚರನಕ್ಷತ್ರಗಳ ಕಾಂತಿ ನಿಯತಕಾಲದಲ್ಲಿ ಏರಿಳಿಯುತ್ತದೆ. ಏರಿಳಿತದ ಅವಧಿ ಹೆಚ್ಚಿದಷ್ಟೂ ನಕ್ಷತ್ರದ ನಿಜವಾದ ಉಜ್ಜ್ವಲತೆ ಹೆಚ್ಚು ಎಂಬ ಸಂಬಂಧವನ್ನು ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟಾ ಲೆವಿಟ್ ಕಿರಿಯ ಮೆಗಲಾನಿಕ್ ಮೋಡದ 25 ಸೆಫೀಡ್‌ಗಳನ್ನು ಆಧರಿಸಿ 1912ರಲ್ಲಿ ನಿರೂಪಿಸಿದರು. ಅವಧಿಯಿಂದ ನಿಜವಾದ ಉಜ್ಜ್ವಲತೆಯನ್ನು ತಿಳಿದು, ಅದನ್ನು ಕಣ್ಣಿಗೆ ತೋರುವ ಕಾಂತಿಯೊಂದಿಗೆ ಹೋಲಿಸಿದರೆ ದೂರ ದೊರೆಯುತ್ತದೆ. ಎಡ್ವಿನ್ ಹಬಲ್ 1923ರಲ್ಲಿ ಮೌಂಟ್ ವಿಲ್ಸನ್‌ನ 100 ಅಂಗುಲದ ದೂರದರ್ಶಕದಿಂದ ದೇವಯಾನಿ ನೀಹಾರಿಕೆಯಲ್ಲಿ ಒಂದು ಸೆಫೀಡನ್ನು ಗುರುತಿಸಿ, ಆ ನೀಹಾರಿಕೆ ಆಕಾಶಗಂಗೆಯ ಹೊರಗಿನ ಪ್ರತ್ಯೇಕ ಗೆಲಾಕ್ಸಿ ಎಂದು ತೋರಿಸಿದ್ದು ಈ ವಿಧಾನದಿಂದಲೇ. ಆದರೆ ದೂರ ಹೆಚ್ಚಿದಂತೆ ಗೆಲಾಕ್ಸಿಯೊಳಗಿನ ಬಿಡಿ ನಕ್ಷತ್ರಗಳನ್ನು ಬೇರ್ಪಡಿಸಿ ನೋಡುವುದು ಅಸಾಧ್ಯವಾಗುತ್ತದೆ. ಬಹು ದೂರಕ್ಕೂ ಕಾಣುವ ಒಂದನೆಯ-ಎ ಬಗೆಯ ಸೂಪರ್ನೋವಾಗಳು, ಎಂದರೆ ನಕ್ಷತ್ರಸ್ಫೋಟಗಳು, ಒಂದೊಂದು ಗೆಲಾಕ್ಸಿಯಲ್ಲಿ ಶತಮಾನಗಳಿಗೊಮ್ಮೆ ಸಂಭವಿಸುವಂಥವು. ಲಕ್ಷಗಟ್ಟಲೆ ಗೆಲಾಕ್ಸಿಗಳ ದೂರವನ್ನು ಒಂದೇ ಕ್ರಮದಲ್ಲಿ ಪಡೆಯಲು ಇವು ಯಾವುವೂ ಸಾಲದ ಕಾರಣ ಸಮೀಕ್ಷೆಗಳು ಕೆಂಪು ಪಲ್ಲಟವನ್ನು ಆಶ್ರಯಿಸಿವೆ.

ಕೆಂಪು ಪಲ್ಲಟ

ಗೆಲಾಕ್ಸಿಯಿಂದ ಬಂದ ಬೆಳಕನ್ನು ರೋಹಿತಲೇಖಿಯ ಮೂಲಕ ಹಾಯಿಸಿದಾಗ ಅದು ತರಂಗದೂರಕ್ಕೆ ಅನುಗುಣವಾಗಿ ಬಿಡಿಸಿಕೊಂಡು ರೋಹಿತವಾಗುತ್ತದೆ. ಗೆಲಾಕ್ಸಿಯಲ್ಲಿರುವ ಪರಮಾಣುಗಳು ತಮಗೆ ವಿಶಿಷ್ಟವಾದ ತರಂಗದೂರಗಳಲ್ಲಿ ಬೆಳಕನ್ನು ಸೂಸುವುದರಿಂದ ಅಥವಾ ಹೀರುವುದರಿಂದ ರೋಹಿತದಲ್ಲಿ ಹೊಳೆಯುವ ಅಥವಾ ಕಪ್ಪಾದ ಗೆರೆಗಳು ಮೂಡುತ್ತವೆ. ಪ್ರಯೋಗಶಾಲೆಯಲ್ಲಿ ಈ ಗೆರೆಗಳ ಸ್ಥಾನ ಮೊದಲೇ ನಿಖರವಾಗಿ ತಿಳಿದಿರುತ್ತದೆ: ಹೈಡ್ರೊಜನ್ನಿನ ಆಲ್ಫಾ ಗೆರೆ 656.3 ನ್ಯಾನೊಮೀಟರ್ ತರಂಗದೂರದಲ್ಲಿಯೂ ಕ್ಯಾಲ್ಸಿಯಮ್ಮಿನ ಎರಡು ಗೆರೆಗಳು 393.4 ಮತ್ತು 396.8 ನ್ಯಾನೊಮೀಟರ್‌ಗಳಲ್ಲಿಯೂ ಇರುತ್ತವೆ. ದೂರದ ಗೆಲಾಕ್ಸಿಯ ರೋಹಿತದಲ್ಲಿ ಈ ಗೆರೆಗಳೆಲ್ಲ ಒಂದೇ ಪ್ರಮಾಣದಲ್ಲಿ ಕೆಂಪಿನ ಕಡೆಗೆ ಸರಿದಿರುತ್ತವೆ. ಹೈಡ್ರೊಜನ್ನಿನ ಆಲ್ಫಾ ಗೆರೆ ಒಂದು ಗೆಲಾಕ್ಸಿಯಲ್ಲಿ 721.9 ನ್ಯಾನೊಮೀಟರ್‌ನಲ್ಲಿ ಕಂಡರೆ ಅದು ಸರಿದ ಅಂತರ 65.6 ನ್ಯಾನೊಮೀಟರ್, ಇದನ್ನು ಮೂಲ ತರಂಗದೂರದಿಂದ ಭಾಗಿಸಿದಾಗ ದೊರೆಯುವ 0.1 ಎಂಬ ಸಂಖ್ಯೆಯೇ ಆ ಗೆಲಾಕ್ಸಿಯ ಕೆಂಪು ಪಲ್ಲಟ.

ಆರಿಜೋನದ ಲೊವೆಲ್ ವೀಕ್ಷಣಾಲಯದಲ್ಲಿ ವೆಸ್ಟೊ ಸ್ಲೈಫರ್ 1912ರಲ್ಲಿ ದೇವಯಾನಿ ಗೆಲಾಕ್ಸಿಯ ರೋಹಿತವನ್ನು ಅಳೆದು, ಅದು ಸೆಕೆಂಡಿಗೆ ಸುಮಾರು 300 ಕಿ.ಮೀ. ವೇಗದಲ್ಲಿ ಸೂರ್ಯನತ್ತ ಬರುತ್ತಿದೆಯೆಂದು ಕಂಡುಕೊಂಡರು. ಆದರೆ ಮುಂದಿನ ಐದು ವರ್ಷಗಳಲ್ಲಿ ಅವರು ಅಳೆದ ಇತರ ಸುರುಳಿ ನೀಹಾರಿಕೆಗಳಲ್ಲಿ ಹೆಚ್ಚಿನವು ದೂರ ಸರಿಯುತ್ತಿದ್ದವು. ಬೆಲ್ಜಿಯಮ್ಮಿನ ಜಾರ್ಜ್ ಲೆಮೇತ್ರ್ 1927ರಲ್ಲಿ ಸಿದ್ಧಾಂತದ ಹಿನ್ನೆಲೆಯಲ್ಲಿಯೂ ಹಬಲ್ 1929ರಲ್ಲಿ ವೀಕ್ಷಣೆಯ ಆಧಾರದಿಂದಲೂ ಗೆಲಾಕ್ಸಿ ದೂರವಿದ್ದಷ್ಟೂ ಅದು ಹಿಂದೆ ಸರಿಯುವ ವೇಗ ಹೆಚ್ಚು ಎಂಬ ಸಂಬಂಧವನ್ನು ಮುಂದಿಟ್ಟರು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2018ರಲ್ಲಿ ಇದನ್ನು ಹಬಲ್-ಲೆಮೇತ್ರ್ ನಿಯಮವೆಂದು ಕರೆಯಲು ಶಿಫಾರಸು ಮಾಡಿತು. ಗೆಲಾಕ್ಸಿಗಳ ನಡುವಿನ ಆಕಾಶವೇ ಹಿಗ್ಗುತ್ತಿರುವುದರಿಂದ ಅದರ ಮೂಲಕ ಬರುವ ಬೆಳಕಿನ ತರಂಗವೂ ಹಿಗ್ಗುತ್ತದೆ ಎಂಬುದು ಇದಕ್ಕೆ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ನೀಡುವ ವಿವರಣೆ.

ಪಲ್ಲಟ ಸಣ್ಣದಿದ್ದಾಗ ಅದನ್ನು ಬೆಳಕಿನ ವೇಗದಿಂದ ಗುಣಿಸಿ, ವಿಸ್ತರಣೆಯ ಈಗಿನ ದರವಾದ ಹಬಲ್ ಸ್ಥಿರಾಂಕದಿಂದ ಭಾಗಿಸಿದರೆ ದೂರ ದೊರೆಯುತ್ತದೆ. ಸ್ಥಿರಾಂಕದ ಬೆಲೆ ಪ್ರತಿ ಮೆಗಾಪಾರ್ಸೆಕ್ ದೂರಕ್ಕೆ ಸೆಕೆಂಡಿಗೆ ಸುಮಾರು 70 ಕಿ.ಮೀ. ಎಂದು ಹಿಡಿದರೆ (ಒಂದು ಮೆಗಾಪಾರ್ಸೆಕ್ ಎಂದರೆ 32.6 ಲಕ್ಷ ಜ್ಯೋತಿರ್ವರ್ಷ) 0.1 ಪಲ್ಲಟವಿರುವ ಗೆಲಾಕ್ಸಿ ಸುಮಾರು 140 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುತ್ತದೆ. ಪಲ್ಲಟ ದೊಡ್ಡದಾದಂತೆ ಈ ಸರಳ ಭಾಗಾಕಾರ ಸಾಲುವುದಿಲ್ಲ. ಬೆಳಕು ಹೊರಟ ಕಾಲದಿಂದ ಈವರೆಗೆ ವಿಸ್ತರಣೆಯ ದರ ಹೇಗೆ ಬದಲಾಗಿದೆ ಎಂಬುದನ್ನೂ ಲೆಕ್ಕಕ್ಕೆ ತರಬೇಕು. ಪಲ್ಲಟ 1 ಇರುವ ಗೆಲಾಕ್ಸಿಯ ಬೆಳಕು ಸುಮಾರು 780 ಕೋಟಿ ವರ್ಷಗಳ ಹಿಂದೆ ಹೊರಟದ್ದು. ಅಷ್ಟು ಕಾಲದಲ್ಲಿ ವಿಶ್ವ ಹಿಗ್ಗಿರುವ ಕಾರಣ ಆ ಗೆಲಾಕ್ಸಿ ಈಗ ಇರುವುದು ಸುಮಾರು 1,100 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಆದ್ದರಿಂದ ದೂರದ ನಕ್ಷೆಯ ಆಳ ಎಂಬುದು ಸ್ಥಳವನ್ನಷ್ಟೇ ಅಲ್ಲ, ಕಾಲವನ್ನೂ ಸೂಚಿಸುತ್ತದೆ.

ಆರಂಭದ ಸಮೀಕ್ಷೆಗಳು

ಛಾಯಾಫಲಕಗಳ ಕಾಲದಲ್ಲಿ ಮಸುಕಾದ ಒಂದು ಗೆಲಾಕ್ಸಿಯ ರೋಹಿತ ಪಡೆಯಲು ಗಂಟೆಗಟ್ಟಲೆ, ಕೆಲವೊಮ್ಮೆ ರಾತ್ರಿಗಳಗಟ್ಟಲೆ, ದೂರದರ್ಶಕವನ್ನು ಅದರ ಮೇಲೆಯೇ ನೆಡಬೇಕಾಗಿತ್ತು. ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸಬಲ್ಲ ಎಲೆಕ್ಟ್ರಾನಿಕ್ ಸಂವೇದಕಗಳು 1970ರ ದಶಕದಲ್ಲಿ ಬಳಕೆಗೆ ಬಂದಾಗ ಈ ಅವಧಿ ಬಹಳ ಇಳಿದು, ಸಮೀಕ್ಷೆ ಎಂಬ ಕಲ್ಪನೆ ಕಾರ್ಯಸಾಧ್ಯವಾಯಿತು. ಎಸ್ಟೋನಿಯದ ಟಾರ್ಟು ವೀಕ್ಷಣಾಲಯದ ಯಾನ್ ಐನಾಸ್ಟೊ ಮತ್ತು ಸಂಗಡಿಗರು 1977ರಲ್ಲಿ ಟ್ಯಾಲಿನ್ ನಗರದ ಅಂತರರಾಷ್ಟ್ರೀಯ ಗೋಷ್ಠಿಯಲ್ಲಿ ಗೆಲಾಕ್ಸಿಗಳ ಹಂಚಿಕೆ ಕೋಶಗಳ ರೂಪದಲ್ಲಿದೆ ಎಂದು ವಾದಿಸಿದರು. ಮರುವರ್ಷ ಅಮೆರಿಕದ ಸ್ಟೀಫನ್ ಗ್ರೆಗರಿ ಮತ್ತು ಲೇರ್ಡ್ ಥಾಂಪ್ಸನ್ ಕೋಮಾ ಗುಚ್ಛದ ಸುತ್ತಲಿನ ಗೆಲಾಕ್ಸಿಗಳನ್ನು ಅಳೆದು, ಅದರ ಮುಂದೆ ಗೆಲಾಕ್ಸಿಗಳೇ ಇಲ್ಲದ ದೊಡ್ಡ ತೆರಪುಗಳಿರುವುದನ್ನು ತೋರಿಸಿದರು. ಸಹದೇವ ನಕ್ಷತ್ರಪುಂಜದ ದಿಕ್ಕಿನಲ್ಲಿ ಸುಮಾರು 30 ಕೋಟಿ ಜ್ಯೋತಿರ್ವರ್ಷ ಅಡ್ಡಗಲದ ಶೂನ್ಯಪ್ರದೇಶವೊಂದು ಇರುವುದಾಗಿ ರಾಬರ್ಟ್ ಕರ್ಶ್ನರ್ ಮತ್ತು ಸಂಗಡಿಗರು 1981ರಲ್ಲಿ ವರದಿ ಮಾಡಿದರು.

ಹಾರ್ವರ್ಡ್-ಸ್ಮಿತ್ಸೋನಿಯನ್ ಖಭೌತ ಕೇಂದ್ರದ ಸಮೀಕ್ಷೆ ಆಕಾಶದ ವಿಸ್ತಾರವಾದ ಪ್ರದೇಶವನ್ನು ಒಂದೇ ಅಳತೆಗೋಲಿನಿಂದ ನಕ್ಷೆಗೆ ತಂದ ಮೊದಲ ದೊಡ್ಡ ಪ್ರಯತ್ನ. ಮಾರ್ಕ್ ಡೇವಿಸ್, ಜಾನ್ ಹ್ಯೂಕ್ರಾ, ಡೇವಿಡ್ ಲೇಥಮ್ ಮತ್ತು ಜಾನ್ ಟಾನ್ರಿ ಆರಿಜೋನದ ಹಾಪ್ಕಿನ್ಸ್ ಬೆಟ್ಟದ 1.5 ಮೀಟರ್ ದೂರದರ್ಶಕದಿಂದ 1982ರ ಹೊತ್ತಿಗೆ ಸುಮಾರು 2,400 ಗೆಲಾಕ್ಸಿಗಳ ಪಲ್ಲಟವನ್ನು ಸಂಗ್ರಹಿಸಿದರು. ಹ್ಯೂಕ್ರಾ ಮತ್ತು ಮಾರ್ಗರೆಟ್ ಗೆಲ್ಲರ್ 1985ರಲ್ಲಿ ಆರಂಭಿಸಿದ ಎರಡನೆಯ ಹಂತದಲ್ಲಿ ಇನ್ನೂ ಮಸುಕಾದ ಗೆಲಾಕ್ಸಿಗಳನ್ನು ಆಯ್ದುಕೊಂಡು, ಆಕಾಶವನ್ನು ಪಟ್ಟಿಗಳಾಗಿ ಸೀಳಿ ಅಳೆಯುವ ಕ್ರಮವನ್ನು ಅನುಸರಿಸಲಾಯಿತು. ಆರು ಡಿಗ್ರಿ ಅಗಲ, 117 ಡಿಗ್ರಿ ಉದ್ದದ ಮೊದಲ ಪಟ್ಟಿಯ ಸುಮಾರು 1,100 ಗೆಲಾಕ್ಸಿಗಳನ್ನು ವೆಲೆರಿ ದ ಲಪರಾಂ, ಗೆಲ್ಲರ್ ಮತ್ತು ಹ್ಯೂಕ್ರಾ 1986ರಲ್ಲಿ ಬೀಸಣಿಗೆಯ ಆಕಾರದ ರೇಖಾಚಿತ್ರದಲ್ಲಿ ಪ್ರಕಟಿಸಿದಾಗ, ಗೆಲಾಕ್ಸಿಗಳು ಸಾಬೂನಿನ ನೊರೆಯ ಗುಳ್ಳೆಗಳ ಮೈಮೇಲೆ ಇರುವಂತೆ ತೆಳುವಾದ ಪದರಗಳಲ್ಲಿ ನೆಲೆಗೊಂಡು, ಒಳಭಾಗಗಳು ಬಹುಪಾಲು ಬರಿದಾಗಿದ್ದುದು ಕಂಡುಬಂತು. ಅಕ್ಕಪಕ್ಕದ ಪಟ್ಟಿಗಳನ್ನು ಸೇರಿಸಿದಾಗ ಸುಮಾರು 50 ಕೋಟಿ ಜ್ಯೋತಿರ್ವರ್ಷ ಉದ್ದದ ಗೆಲಾಕ್ಸಿಗಳ ಹಾಳೆಯೊಂದು ಎದ್ದು ಕಂಡಿತು; 1989ರಲ್ಲಿ ಗೆಲ್ಲರ್ ಮತ್ತು ಹ್ಯೂಕ್ರಾ ಅದನ್ನು ಮಹಾಗೋಡೆ ಎಂದು ಕರೆದರು. ಈ ರಚನೆ ಸಮೀಕ್ಷೆಯ ಎಲ್ಲೆಯವರೆಗೂ ಹಬ್ಬಿದ್ದುದರಿಂದ ಅದರ ಪೂರ್ತಿ ಗಾತ್ರ ಎಷ್ಟೆಂದು ತಿಳಿಯಲು ಇನ್ನೂ ಆಳವಾದ ಸಮೀಕ್ಷೆಗಳು ಬೇಕಾದವು.

ಫೈಬರ್‌ಗಳ ಬಳಕೆ

ಒಮ್ಮೆಗೆ ಒಂದೇ ಗೆಲಾಕ್ಸಿಯ ರೋಹಿತ ಪಡೆಯುವ ಕ್ರಮದಲ್ಲಿ ನಕ್ಷೆ ಕೆಲವು ಹತ್ತು ಸಾವಿರಗಳನ್ನು ದಾಟುವುದು ಕಷ್ಟವಾಗಿತ್ತು. ದೂರದರ್ಶಕದ ನಾಭಿತಲದಲ್ಲಿ ಹಲವು ಗೆಲಾಕ್ಸಿಗಳ ಬಿಂಬಗಳು ಒಟ್ಟಿಗೆ ಮೂಡುತ್ತವೆ. ಪ್ರತಿ ಬಿಂಬದ ಜಾಗದಲ್ಲಿ ಕೂದಲೆಳೆಯಷ್ಟು ತೆಳುವಾದ ಗಾಜಿನ ಆಪ್ಟಿಕಲ್ ಫೈಬರಿನ ತುದಿಯನ್ನು ಇಟ್ಟು, ಇನ್ನೊಂದು ತುದಿಗಳನ್ನೆಲ್ಲ ರೋಹಿತಲೇಖಿಯ ಮುಂದೆ ಒಂದೇ ಸಾಲಿನಲ್ಲಿ ಜೋಡಿಸಿದರೆ ನೂರಾರು ರೋಹಿತಗಳು ಒಂದೇ ಸಲಕ್ಕೆ ಸಿಗುತ್ತವೆ. ಚಿಲಿಯ ಲಾಸ್ ಕಂಪಾನಸ್‌ನಲ್ಲಿ ನಡೆದು 1996ರಲ್ಲಿ ಪ್ರಕಟವಾದ ಸಮೀಕ್ಷೆ ಈ ಮಾರ್ಗದಿಂದ 26,000ಕ್ಕೂ ಹೆಚ್ಚು ಗೆಲಾಕ್ಸಿಗಳನ್ನು ಅಳೆಯಿತು. ಆಸ್ಟ್ರೇಲಿಯದ ಸೈಡಿಂಗ್ ಸ್ಪ್ರಿಂಗ್‌ನಲ್ಲಿರುವ 3.9 ಮೀಟರ್ ಆಂಗ್ಲೊ-ಆಸ್ಟ್ರೇಲಿಯನ್ ದೂರದರ್ಶಕಕ್ಕೆ ಅಳವಡಿಸಿದ ಟು-ಡಿಗ್ರಿ ಫೀಲ್ಡ್ ಎಂಬ ಉಪಕರಣದಲ್ಲಿ ಅಯಸ್ಕಾಂತದ ಗುಂಡಿಗಳಿಗೆ ಕಟ್ಟಿದ 400 ಫೈಬರ್‌ಗಳನ್ನು ಯಂತ್ರದ ಕೈಯೊಂದು ಲೋಹದ ಫಲಕದ ಮೇಲೆ ಒಂದೊಂದಾಗಿ ಇಡುತ್ತಿತ್ತು. ಒಂದು ಫಲಕ ಆಕಾಶವನ್ನು ನೋಡುತ್ತಿರುವಾಗ ಇನ್ನೊಂದು ಮುಂದಿನ ವೀಕ್ಷಣೆಗೆ ಸಿದ್ಧವಾಗುತ್ತಿತ್ತು. ಈ ಉಪಕರಣದಿಂದ 1997ರಿಂದ 2002ರವರೆಗೆ ನಡೆಸಿದ ಸಮೀಕ್ಷೆ ಸುಮಾರು 2.2 ಲಕ್ಷ ಗೆಲಾಕ್ಸಿಗಳ ವಿಶ್ವಸನೀಯ ಪಲ್ಲಟಗಳನ್ನು ನೀಡಿತು.

ನ್ಯೂ ಮೆಕ್ಸಿಕೋದ ಅಪಾಚೆ ಪಾಯಿಂಟ್ ವೀಕ್ಷಣಾಲಯದ 2.5 ಮೀಟರ್ ದೂರದರ್ಶಕದಲ್ಲಿ 2000ದಲ್ಲಿ ಆರಂಭವಾದ ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ ಒಂದೇ ದೂರದರ್ಶಕದಿಂದ ಮೊದಲು ಆಕಾಶದ ಚಿತ್ರ, ಅನಂತರ ರೋಹಿತ ಎಂಬ ಎರಡು ಹಂತಗಳನ್ನು ಒಂದುಗೂಡಿಸಿತು. ಐದು ಬಣ್ಣಶೋಧಕಗಳ ಹಿಂದೆ ಸಾಲಾಗಿ ಕೂರಿಸಿದ 30 ಸಿಸಿಡಿ ಸಂವೇದಕಗಳ ಕ್ಯಾಮೆರಾ ಆಕಾಶವನ್ನು ಪಟ್ಟಿಪಟ್ಟಿಯಾಗಿ ಚಿತ್ರಿಸಿತು. ಆ ಚಿತ್ರಗಳಿಂದ ಆಯ್ದ ಗೆಲಾಕ್ಸಿಗಳ ಸ್ಥಾನಗಳಿಗೆ ಸರಿಯಾಗಿ, ಸುಮಾರು 80 ಸೆಂಟಿಮೀಟರ್ ವ್ಯಾಸದ ಅಲ್ಯೂಮಿನಿಯಮ್ ತಟ್ಟೆಗಳಲ್ಲಿ ರಂಧ್ರಗಳನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಾರ್ಯಾಗಾರದಲ್ಲಿ ಕೊರೆಯಲಾಗುತ್ತಿತ್ತು. ಹಗಲಿನಲ್ಲಿ ತಂತ್ರಜ್ಞರು ಪ್ರತಿ ತಟ್ಟೆಯ 640 ರಂಧ್ರಗಳಿಗೆ ಒಂದೊಂದು ಫೈಬರನ್ನು ಕೈಯಿಂದಲೇ ಸಿಕ್ಕಿಸುತ್ತಿದ್ದರು. ಯಾವ ಫೈಬರು ಯಾವ ರಂಧ್ರಕ್ಕೆ ಹೋಗಬೇಕೆಂಬ ಕಟ್ಟುಪಾಡು ಇರಲಿಲ್ಲ. ಎಲ್ಲವನ್ನೂ ಸಿಕ್ಕಿಸಿದ ಮೇಲೆ ಫೈಬರ್‌ಗಳ ಇನ್ನೊಂದು ತುದಿಗೆ ಒಂದಾದ ಮೇಲೊಂದರಂತೆ ಬೆಳಕು ಹಾಯಿಸಿ, ತಟ್ಟೆಯಲ್ಲಿ ಹೊಳೆಯುವ ರಂಧ್ರವನ್ನು ಕ್ಯಾಮೆರಾದಿಂದ ಗುರುತಿಸಿ, ಯಾವ ರೋಹಿತ ಯಾವ ಗೆಲಾಕ್ಸಿಗೆ ಸೇರಿದ್ದೆಂದು ಪಟ್ಟಿ ಮಾಡಲಾಗುತ್ತಿತ್ತು. 2009ರಲ್ಲಿ ಆರಂಭವಾದ ಬಾಸ್ ಎಂಬ ಮುಂದಿನ ಹಂತದಲ್ಲಿ ಫೈಬರ್‌ಗಳ ಸಂಖ್ಯೆ ಸಾವಿರಕ್ಕೆ ಏರಿತು. ಸ್ಲೋನ್ ಸಮೀಕ್ಷೆ ತನ್ನ ದತ್ತಾಂಶವನ್ನು ಕಂತುಕಂತಾಗಿ ಸಾರ್ವಜನಿಕರಿಗೆ ತೆರೆದಿಟ್ಟದ್ದರಿಂದ ದೂರದರ್ಶಕದ ಒಡೆತನವಿಲ್ಲದ ಸಂಸ್ಥೆಗಳೂ ದೇಶಗಳೂ ಅದನ್ನು ಬಳಸಿ ಸಂಶೋಧನೆ ನಡೆಸಲು ಸಾಧ್ಯವಾಯಿತು.

ಕೈಯಿಂದ ಫೈಬರ್ ಸಿಕ್ಕಿಸುತ್ತಿದ್ದ ಕೆಲಸವನ್ನು ಆರಿಜೋನದ ಕಿಟ್ ಪೀಕ್‌ನ ನಾಲ್ಕು ಮೀಟರ್ ಮೇಯಾಲ್ ದೂರದರ್ಶಕಕ್ಕೆ ಅಳವಡಿಸಿರುವ ಡೆಸಿ ಉಪಕರಣ ಪೂರ್ತಿಯಾಗಿ ಯಂತ್ರಗಳಿಗೆ ವಹಿಸಿತು. ವಿಶ್ವದ ವಿಸ್ತರಣೆಯನ್ನು ತ್ವರಿತಗೊಳಿಸುತ್ತಿದೆಯೆಂದು ಭಾವಿಸಲಾದ ಕಪ್ಪುಶಕ್ತಿಯ ಅಧ್ಯಯನಕ್ಕೆಂದು ರೂಪುಗೊಂಡ ಈ ಉಪಕರಣದ ನಾಭಿತಲದಲ್ಲಿ 5,000 ಪುಟ್ಟ ರೋಬಾಟ್‌ಗಳಿದ್ದು, ಪ್ರತಿಯೊಂದೂ ಎರಡು ಅಕ್ಷಗಳ ಮೇಲೆ ತಿರುಗಿ ತನ್ನ ಫೈಬರಿನ ತುದಿಯನ್ನು 12 ಮಿಲಿಮೀಟರ್ ವ್ಯಾಸದ ವೃತ್ತದೊಳಗೆ ಬೇಕಾದಲ್ಲಿಗೆ ಒಯ್ಯುತ್ತದೆ. ಒಂದು ವೀಕ್ಷಣೆ ಮುಗಿದು ಮುಂದಿನದಕ್ಕೆ ಎಲ್ಲ ಫೈಬರ್‌ಗಳೂ ಸಜ್ಜಾಗಲು ಕೆಲವೇ ನಿಮಿಷಗಳು ಸಾಕು. ಬೆಳಕು ಹತ್ತು ರೋಹಿತಲೇಖಿಗಳಿಗೆ ಹಂಚಿಕೆಯಾಗಿ, 360ರಿಂದ 980 ನ್ಯಾನೊಮೀಟರ್‌ವರೆಗಿನ ರೋಹಿತ ದಾಖಲಾಗುತ್ತದೆ. ಮುಖ್ಯ ಸಮೀಕ್ಷೆ 2021ರ ಮೇ ತಿಂಗಳಲ್ಲಿ ಆರಂಭವಾಯಿತು. 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಮೊದಲ ದತ್ತಸಂಪುಟದಲ್ಲಿ ನಕ್ಷತ್ರ, ಗೆಲಾಕ್ಸಿ ಮತ್ತು ಅತ್ಯುಜ್ಜ್ವಲ ಗೆಲಾಕ್ಸಿ ಕೇಂದ್ರಗಳಾದ ಕ್ವೇಸಾರ್‌ಗಳೆಲ್ಲ ಸೇರಿ 1.87 ಕೋಟಿ ಕಾಯಗಳ ಮಾಹಿತಿ ಇತ್ತು.

ದತ್ತಾಂಶದಿಂದ ನಕ್ಷೆಗೆ

ಫೈಬರಿನ ಮೂಲಕ ಬಂದ ಬೆಳಕಿನಲ್ಲಿ ಗೆಲಾಕ್ಸಿಯ ಬೆಳಕಿನ ಜೊತೆಗೆ ಭೂಮಿಯ ವಾತಾವರಣ ಸೂಸುವ ಬೆಳಕೂ ಬೆರೆತಿರುತ್ತದೆ. ಇದನ್ನು ಕಳೆಯಲು ಕೆಲವು ಫೈಬರ್‌ಗಳನ್ನು ಬೇಕೆಂದೇ ಆಕಾಶದ ಖಾಲಿ ಜಾಗಗಳತ್ತ ತಿರುಗಿಸಿರುತ್ತಾರೆ. ಶುದ್ಧಗೊಂಡ ರೋಹಿತವನ್ನು ಗಣಕವು ವಿವಿಧ ಬಗೆಯ ಗೆಲಾಕ್ಸಿಗಳ ಮಾದರಿ ರೋಹಿತಗಳೊಂದಿಗೆ ಬೇರೆ ಬೇರೆ ಪಲ್ಲಟಗಳಲ್ಲಿ ಹೊಂದಿಸಿ ನೋಡಿ, ಅತ್ಯುತ್ತಮವಾಗಿ ಹೊಂದುವ ಪಲ್ಲಟವನ್ನು ಆರಿಸುತ್ತದೆ. ಒಂದೇ ಗೆರೆ ಕಂಡಾಗ ಅದು ಹೈಡ್ರೊಜನ್ನಿನದೋ ಆಮ್ಲಜನಕದ್ದೋ ಎಂಬ ಗೊಂದಲ ಉಳಿಯಬಹುದಾದ್ದರಿಂದ ಪ್ರತಿ ಪಲ್ಲಟಕ್ಕೂ ವಿಶ್ವಸನೀಯತೆಯ ಒಂದು ಗುರುತನ್ನು ಸೇರಿಸಲಾಗುತ್ತದೆ.

ಹೀಗೆ ಸಿದ್ಧವಾದ ಪಟ್ಟಿಯನ್ನು ನೇರವಾಗಿ ವಿಶ್ವದ ಚಿತ್ರವೆಂದು ಭಾವಿಸುವಂತಿಲ್ಲ. ನಿರ್ದಿಷ್ಟ ಕಾಂತಿಗಿಂತ ಮಸುಕಾದ ಗೆಲಾಕ್ಸಿಗಳನ್ನು ಸಮೀಕ್ಷೆ ಕೈಬಿಡುವುದರಿಂದ ಹತ್ತಿರದಲ್ಲಿ ಸಣ್ಣಪುಟ್ಟ ಗೆಲಾಕ್ಸಿಗಳೂ ದೂರದಲ್ಲಿ ಅತ್ಯುಜ್ಜ್ವಲವಾದವು ಮಾತ್ರವೂ ದಾಖಲಾಗಿ, ದೂರ ಹೋದಂತೆ ಗೆಲಾಕ್ಸಿಗಳು ವಿರಳವಾದಂತೆ ತೋರುತ್ತವೆ. ಎರಡು ಫೈಬರ್‌ಗಳನ್ನು ತೀರ ಹತ್ತಿರ ಇಡಲಾಗದು. ಸ್ಲೋನ್ ಸಮೀಕ್ಷೆಯ ಮೊದಲ ಹಂತದಲ್ಲಿ ಒಂದೇ ತಟ್ಟೆಯ ಮೇಲೆ 55 ಕೋನ ಸೆಕೆಂಡುಗಳಿಗಿಂತ ಕಡಿಮೆ ಅಂತರದ ಎರಡು ಗೆಲಾಕ್ಸಿಗಳಲ್ಲಿ ಒಂದನ್ನು ಬಿಡಬೇಕಾಗುತ್ತಿದ್ದ ಕಾರಣ, ಗೆಲಾಕ್ಸಿಗಳು ದಟ್ಟವಾಗಿರುವ ಕಡೆಯೇ ಎಣಿಕೆ ತಪ್ಪುತ್ತಿತ್ತು. ಆಕಾಶಗಂಗೆಯ ದೂಳು ತನ್ನ ಹಿಂದಿನ ಆಕಾಶದ ಒಂದು ಪಟ್ಟಿಯನ್ನು ಗೋಚರ ಬೆಳಕಿನಲ್ಲಿ ಹೆಚ್ಚುಕಡಿಮೆ ಮುಚ್ಚಿಬಿಡುತ್ತದೆ. ಆ ಭಾಗವನ್ನು ಅವಕೆಂಪು ಕಿರಣಗಳಿಂದಲೂ ಹೈಡ್ರೊಜನ್ನಿನ 21 ಸೆಂಟಿಮೀಟರ್ ರೇಡಿಯೊ ತರಂಗಗಳಿಂದಲೂ ಭಾಗಶಃ ತುಂಬಲಾಗಿದೆ. ಈ ಕೊರತೆಗಳನ್ನು ಲೆಕ್ಕಕ್ಕೆ ಹಿಡಿಯಲು, ಸಮೀಕ್ಷೆಯ ಎಲ್ಲ ಮಿತಿಗಳನ್ನೂ ಹೊಂದಿದ್ದು ಬಿಂದುಗಳನ್ನು ಮಾತ್ರ ಯಾದೃಚ್ಛಿಕವಾಗಿ ಚೆಲ್ಲಿದ ಒಂದು ಕೃತಕ ಪಟ್ಟಿಯನ್ನು ಗಣಕದಲ್ಲಿ ಸೃಷ್ಟಿಸುತ್ತಾರೆ. ನಿಜವಾದ ಪಟ್ಟಿಯಲ್ಲಿ ನಿರ್ದಿಷ್ಟ ಅಂತರದಲ್ಲಿ ಸಿಗುವ ಗೆಲಾಕ್ಸಿ ಜೋಡಿಗಳು ಕೃತಕ ಪಟ್ಟಿಯ ಜೋಡಿಗಳಿಗಿಂತ ಎಷ್ಟು ಹೆಚ್ಚು ಎಂಬುದೇ ಗೆಲಾಕ್ಸಿಗಳು ಗುಂಪುಗೂಡಿರುವುದರ ಅಳತೆ.

ಪಲ್ಲಟದಿಂದ ಬರುವ ವಿರೂಪಗಳು

ಗೆಲಾಕ್ಸಿಯ ಪಲ್ಲಟದಲ್ಲಿ ವಿಶ್ವದ ವಿಸ್ತರಣೆಯ ಪಾಲಿನ ಜೊತೆಗೆ, ನೆರೆಯ ದ್ರವ್ಯದ ಸೆಳೆತದಿಂದ ಆ ಗೆಲಾಕ್ಸಿ ಪಡೆದಿರುವ ಸ್ವಂತ ಚಲನೆಯ ಪಾಲೂ ಸೇರಿರುತ್ತದೆ. ರೋಹಿತದಲ್ಲಿ ಇವೆರಡನ್ನೂ ಬೇರ್ಪಡಿಸಲು ಯಾವ ಗುರುತೂ ಇಲ್ಲ. ಕನ್ಯಾ ಗುಚ್ಛದಲ್ಲಿರುವ ಮೆಸಿಯೆ 86 ಎಂಬ ಗೆಲಾಕ್ಸಿ ಸುಮಾರು ಐದು ಕೋಟಿ ಜ್ಯೋತಿರ್ವರ್ಷ ದೂರದಲ್ಲಿದ್ದರೂ ಗುಚ್ಛದೊಳಗೆ ಅದು ನಮ್ಮ ಕಡೆಗೆ ಧಾವಿಸುತ್ತಿರುವ ವೇಗ ವಿಸ್ತರಣೆಯ ವೇಗವನ್ನೂ ಮೀರಿರುವುದರಿಂದ ಅದರ ರೋಹಿತ ಕೆಂಪಿನ ಬದಲು ನೀಲಿಯ ಕಡೆಗೆ ಸರಿದಿದೆ. ಹಬಲ್-ಲೆಮೇತ್ರ್ ನಿಯಮವನ್ನು ಇದಕ್ಕೆ ಯಾಂತ್ರಿಕವಾಗಿ ಅನ್ವಯಿಸಿದರೆ ದೂರ ಸೊನ್ನೆಗಿಂತ ಕಡಿಮೆಯೆಂಬ ಅರ್ಥಹೀನ ಉತ್ತರ ಬರುತ್ತದೆ.

ಇದೇ ಕಾರಣದಿಂದ ದೊಡ್ಡ ಗುಚ್ಛಗಳು ನಕ್ಷೆಯಲ್ಲಿ ತಮ್ಮ ನಿಜವಾದ ಆಕಾರದಲ್ಲಿ ಕಾಣುವುದಿಲ್ಲ. ಕೋಮಾ ಗುಚ್ಛದ ಗೆಲಾಕ್ಸಿಗಳು ಸೆಕೆಂಡಿಗೆ ಸಾವಿರ ಕಿ.ಮೀ.ಯಷ್ಟು ವೇಗದಲ್ಲಿ ಎಲ್ಲ ದಿಕ್ಕುಗಳಿಗೂ ಓಡಾಡುತ್ತಿರುವುದರಿಂದ, ಕೆಲವು ಇರುವುದಕ್ಕಿಂತ ನಾಲ್ಕಾರು ಕೋಟಿ ಜ್ಯೋತಿರ್ವರ್ಷ ಹತ್ತಿರದಲ್ಲಿಯೂ ಕೆಲವು ಅಷ್ಟೇ ದೂರದಲ್ಲಿಯೂ ಇರುವಂತೆ ತೋರಿ, ದುಂಡನೆಯ ಗುಚ್ಛ ಭೂಮಿಯತ್ತ ಚಾಚಿದ ಉದ್ದನೆಯ ಕಡ್ಡಿಯಾಗಿ ಮಾರ್ಪಡುತ್ತದೆ. ಖಗೋಳಜ್ಞರು ಇಂಥ ಆಕೃತಿಗಳನ್ನು ದೇವರ ಬೆರಳುಗಳೆಂದು ಕರೆಯುತ್ತಾರೆ. ಇನ್ನೂ ದೊಡ್ಡ ಪ್ರಮಾಣದಲ್ಲಿ ಇದಕ್ಕೆ ವಿರುದ್ಧವಾದ ಪರಿಣಾಮವಿದೆ: ಹಲವು ಗುಚ್ಛಗಳು ಸೇರಿದ ಮಹಾಗುಚ್ಛದ ಆಚೆಬದಿಯ ಗೆಲಾಕ್ಸಿಗಳು ಅದರ ಕೇಂದ್ರದತ್ತ, ಎಂದರೆ ನಮ್ಮ ಕಡೆಗೆ, ಜಾರುತ್ತಿರುವುದರಿಂದ ಹತ್ತಿರ ಬಂದಂತೆಯೂ ಈಚೆಬದಿಯವು ದೂರ ಹೋದಂತೆಯೂ ತೋರಿ ರಚನೆ ಚಪ್ಪಟೆಯಾಗುತ್ತದೆ. ಈ ಚಪ್ಪಟೆಯಾಗುವಿಕೆಯ ಪ್ರಮಾಣ ಗುರುತ್ವದ ಸೆಳೆತವನ್ನು ಅವಲಂಬಿಸಿದೆ ಎಂದು ನಿಕ್ ಕೈಸರ್ 1987ರಲ್ಲಿ ಗಣಿತದ ಮೂಲಕ ತೋರಿಸಿದ ಮೇಲೆ, ದೋಷವೆಂದು ಎಣಿಸಿದ್ದ ವಿರೂಪವೇ ವಿಶ್ವದಲ್ಲಿ ರಚನೆಗಳು ಬೆಳೆಯುವ ವೇಗವನ್ನೂ ಗುರುತ್ವ ಸಿದ್ಧಾಂತವನ್ನೂ ಪರೀಕ್ಷಿಸುವ ಸಾಧನವಾಯಿತು.

ನಕ್ಷೆಯಲ್ಲಿ ಕಂಡ ರಚನೆಗಳು

ಸಮೀಕ್ಷೆಗಳು ಆಳವಾದಂತೆ ಕಂಡುಬಂದ ರಚನೆಗಳ ಪಟ್ಟಿಯೂ ಬೆಳೆದಿದೆ. ಸ್ಲೋನ್ ಸಮೀಕ್ಷೆಯ ದತ್ತಾಂಶದಲ್ಲಿ ರಿಚರ್ಡ್ ಗಾಟ್ ಮತ್ತು ಸಂಗಡಿಗರು 2003ರಲ್ಲಿ ಗುರುತಿಸಿದ ಸ್ಲೋನ್ ಮಹಾಗೋಡೆಯ ಉದ್ದ ಸುಮಾರು 137 ಕೋಟಿ ಜ್ಯೋತಿರ್ವರ್ಷ. ಗೆಲಾಕ್ಸಿಗಳ ಸ್ವಂತ ಚಲನೆಗಳನ್ನೇ ಆಧಾರವಾಗಿಟ್ಟುಕೊಂಡು, ಮಳೆನೀರು ಹರಿಯುವ ದಿಕ್ಕಿನಿಂದ ಜಲಾನಯನ ಪ್ರದೇಶದ ಎಲ್ಲೆಯನ್ನು ಗುರುತಿಸುವ ರೀತಿಯಲ್ಲಿ, ಬ್ರೆಂಟ್ ಟಲ್ಲಿ, ಎಲೆನ್ ಕೂರ್ತ್ವಾ, ಯೆಹೂದಾ ಹಾಫ್ಮನ್ ಮತ್ತು ಡೇನಿಯಲ್ ಪೊಮರೇಡ್ 2014ರಲ್ಲಿ ಆಕಾಶಗಂಗೆ ಸೇರಿರುವ ಮಹಾಗುಚ್ಛದ ಗಡಿಯನ್ನು ನಿರ್ಧರಿಸಿ ಅದಕ್ಕೆ ಲಾನಿಯಾಕಿಯಾ ಎಂದು ಹೆಸರಿಟ್ಟರು. ಅದರ ಅಡ್ಡಗಲ ಸುಮಾರು 50 ಕೋಟಿ ಜ್ಯೋತಿರ್ವರ್ಷ. ಇಂಥ ಮಹಾಗುಚ್ಛಗಳು ಗುಚ್ಛಗಳಂತೆ ಗುರುತ್ವದಿಂದ ಬಿಗಿಯಾಗಿ ಬಂಧಿತವಾದವಲ್ಲ. ಅವುಗಳ ಬಹುಭಾಗ ವಿಶ್ವದ ವಿಸ್ತರಣೆಯೊಂದಿಗೆ ಕ್ರಮೇಣ ಚದುರಿಹೋಗುತ್ತದೆ.

ಸಾರ್ವಜನಿಕವಾಗಿ ದೊರೆಯುವ ದತ್ತಾಂಶದಿಂದ ಭಾರತದಲ್ಲಿ ಆದ ಸಂಶೋಧನೆಗಳಲ್ಲಿ ಸರಸ್ವತಿ ಮಹಾಗುಚ್ಛದ ಶೋಧ ಹೆಸರಾದುದು. ಪುಣೆಯ ಅಂತರ ವಿಶ್ವವಿದ್ಯಾಲಯ ಖಗೋಳ ಮತ್ತು ಖಭೌತ ವಿಜ್ಞಾನ ಕೇಂದ್ರದ ಜಯದೀಪ್ ಬಾಗ್ಚಿ, ಅವರೊಡನೆ ಶಿಶಿರ್ ಸಂಖ್ಯಾಯನ್ ಮತ್ತು ಇತರ ಸಂಗಡಿಗರು ಸ್ಲೋನ್ ಸಮೀಕ್ಷೆಯ ಪಲ್ಲಟಗಳನ್ನು ವಿಶ್ಲೇಷಿಸಿ, ಮೀನ ರಾಶಿಯ ದಿಕ್ಕಿನಲ್ಲಿ ಸುಮಾರು 400 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಈ ಮಹಾಗುಚ್ಛವನ್ನು 2017ರಲ್ಲಿ ಪ್ರಕಟಿಸಿದರು. ಸುಮಾರು 60 ಕೋಟಿ ಜ್ಯೋತಿರ್ವರ್ಷ ಹಬ್ಬಿರುವ ಇದರಲ್ಲಿ 40ಕ್ಕೂ ಹೆಚ್ಚು ಗೆಲಾಕ್ಸಿ ಗುಚ್ಛಗಳಿವೆ. ಎಷ್ಟು ದೊಡ್ಡ ಪ್ರಮಾಣದಲ್ಲಿ ನೋಡಿದರೆ ವಿಶ್ವ ಎಲ್ಲೆಡೆಯೂ ಏಕರೂಪವಾಗಿ ಕಾಣುತ್ತದೆ ಎಂಬ ಪ್ರಶ್ನೆಯನ್ನೂ ಭಾರತೀಯ ಸಂಶೋಧಕರು ಕೈಗೆತ್ತಿಕೊಂಡಿದ್ದಾರೆ. ಜಸ್ವಂತ್ ಯಾದವ್, ಸೋಮನಾಥ ಭಾರದ್ವಾಜ್, ಬಿಸ್ವಜಿತ್ ಪಾಂಡೆ ಮತ್ತು ಟಿ. ಆರ್. ಶೇಷಾದ್ರಿ 2005ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಸುಮಾರು 30 ಕೋಟಿ ಜ್ಯೋತಿರ್ವರ್ಷಗಳ ಆಚೆಗೆ ಹಂಚಿಕೆ ಏಕರೂಪದತ್ತ ಹೊರಳುತ್ತದೆ.

ವಿಶ್ವವಿಜ್ಞಾನದಲ್ಲಿ ಬಳಕೆ

ಮಹಾಸ್ಫೋಟದ ನಂತರದ ಸುಮಾರು 3,80,000 ವರ್ಷಗಳ ಕಾಲ ವಿಶ್ವ ತುಂಬಿದ್ದ ಕಾದ ಅನಿಲದಲ್ಲಿ ಬೆಳಕೂ ದ್ರವ್ಯವೂ ಒಂದಕ್ಕೊಂದು ಬೆಸೆದಿದ್ದು, ದಟ್ಟವಾದ ತಾಣಗಳಿಂದ ಶಬ್ದತರಂಗಗಳಂಥ ಒತ್ತಡದ ಅಲೆಗಳು ಹೊರಕ್ಕೆ ಸಾಗುತ್ತಿದ್ದವು. ಅನಿಲ ತಣಿದು ಪರಮಾಣುಗಳು ರೂಪುಗೊಂಡಾಗ ಬೆಳಕು ಬೇರೆಯಾಗಿ, ಅಲೆಗಳು ನಿಂತಲ್ಲಿಯೇ ನಿಂತವು. ಅಂದು ಅವು ಸಾಗಿದ್ದ ದೂರ ವಿಶ್ವದ ವಿಸ್ತರಣೆಯಿಂದ ಹಿಗ್ಗಿ ಇಂದು ಸುಮಾರು 49 ಕೋಟಿ ಜ್ಯೋತಿರ್ವರ್ಷ ಆಗಿದೆ. ಗೆಲಾಕ್ಸಿಗಳ ನಕ್ಷೆಯಲ್ಲಿ ಈ ಅಂತರದಲ್ಲಿರುವ ಜೋಡಿಗಳು ಸಿದ್ಧಾಂತ ಹೇಳುವಂತೆ ತುಸು ಹೆಚ್ಚಾಗಿರಬೇಕು. ಡೇನಿಯಲ್ ಐಸೆನ್‌ಸ್ಟೈನ್ ಮತ್ತು ಸಂಗಡಿಗರು ಸ್ಲೋನ್ ಸಮೀಕ್ಷೆಯ 46,748 ಉಜ್ಜ್ವಲ ಕೆಂಪು ಗೆಲಾಕ್ಸಿಗಳಲ್ಲಿಯೂ ಶಾನ್ ಕೋಲ್ ಮತ್ತು ಸಂಗಡಿಗರು ಟು-ಡಿಗ್ರಿ ಫೀಲ್ಡ್ ಸಮೀಕ್ಷೆಯಲ್ಲಿಯೂ 2005ರಲ್ಲಿ ಈ ಗುರುತನ್ನು ಪತ್ತೆಹಚ್ಚಿದರು.

ನಿಜವಾದ ಉದ್ದ ತಿಳಿದಿರುವ ಈ ಅಂತರ ಬೇರೆ ಬೇರೆ ಪಲ್ಲಟಗಳಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಅಳೆದರೆ, ವಿಶ್ವ ಯಾವ ಕಾಲದಲ್ಲಿ ಯಾವ ವೇಗದಿಂದ ಹಿಗ್ಗಿತೆಂಬುದು ತಿಳಿಯುತ್ತದೆ. ಇಲ್ಲಿ ನಕ್ಷೆಗೂ ಸಿದ್ಧಾಂತಕ್ಕೂ ಎರಡೂ ಕಡೆಯ ನಂಟಿದೆ: ಪಲ್ಲಟವನ್ನು ದೂರವಾಗಿಸಲು ಮೊದಲು ಒಂದು ವಿಶ್ವಮಾದರಿಯನ್ನು ಒಪ್ಪಿಕೊಳ್ಳಬೇಕು, ಮಾದರಿ ತಪ್ಪಾಗಿದ್ದರೆ ಆಳದ ದಿಕ್ಕಿನ ಅಂತರವೂ ಅಡ್ಡ ದಿಕ್ಕಿನ ಅಂತರವೂ ಪರಸ್ಪರ ಹೊಂದದೆ ತಪ್ಪನ್ನು ನಕ್ಷೆಯೇ ತೋರಿಸಿಕೊಡುತ್ತದೆ. ಡೆಸಿ ತಂಡ ಮೂರು ವರ್ಷಗಳ ವೀಕ್ಷಣೆಗಳಲ್ಲಿ ಅಳೆದ ಸುಮಾರು 1.5 ಕೋಟಿ ಗೆಲಾಕ್ಸಿ ಮತ್ತು ಕ್ವೇಸಾರ್‌ಗಳನ್ನು ಆಧರಿಸಿ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ಫಲಿತಾಂಶಗಳನ್ನು ಆದಿಯಲ್ಲಿ ದ್ರವ್ಯದಿಂದ ಬೇರೆಯಾದ ಬೆಳಕಿನ ಉಳಿಕೆಯಾದ ವಿಶ್ವದ ಹಿನ್ನೆಲೆ ವಿಕಿರಣ ಹಾಗೂ ಸೂಪರ್ನೋವಾಗಳ ಅಳತೆಗಳೊಂದಿಗೆ ಸೇರಿಸಿ ನೋಡಿದಾಗ, ವಿಸ್ತರಣೆಯನ್ನು ತ್ವರಿತಗೊಳಿಸುತ್ತಿರುವ ಕಪ್ಪುಶಕ್ತಿ ಸ್ಥಿರವಾಗಿರದೆ ಕಾಲಕ್ಕೆ ತಕ್ಕಂತೆ ಬದಲಾಗುತ್ತಿರಬಹುದೆಂಬ ಸೂಚನೆ ದೊರೆತಿದೆ. ಆಯ್ದುಕೊಂಡ ಸೂಪರ್ನೋವಾ ಪಟ್ಟಿಗೆ ಅನುಸಾರವಾಗಿ ಈ ಸೂಚನೆಯ ಸಂಖ್ಯಾಶಾಸ್ತ್ರೀಯ ಬಲ 2.8ರಿಂದ 4.2 ಸಿಗ್ಮಾದವರೆಗೆ ವ್ಯತ್ಯಾಸವಾಗುತ್ತದೆ. ಶೋಧವೆಂದು ಘೋಷಿಸಲು ರೂಢಿಯಲ್ಲಿರುವ ಮಟ್ಟವಾದ 5 ಸಿಗ್ಮಾವನ್ನು ಅದು ತಲುಪಿಲ್ಲ.

ಬಣ್ಣದಿಂದ ದೂರ ಮತ್ತು ಈಚಿನ ಸಮೀಕ್ಷೆಗಳು

ರೋಹಿತ ಪಡೆಯಲಾಗದಷ್ಟು ಮಸುಕಾದ ಗೆಲಾಕ್ಸಿಗಳ ಪಲ್ಲಟವನ್ನು ಕೆಲವು ಬಣ್ಣಶೋಧಕಗಳಲ್ಲಿ ಅವುಗಳ ಕಾಂತಿಯನ್ನು ಹೋಲಿಸಿ ಅಂದಾಜು ಮಾಡಬಹುದು. ಈ ಅಂದಾಜು ಅಗ್ಗವೂ ವೇಗವೂ ಆದರೂ ನಿಖರವಲ್ಲ. ಪಲ್ಲಟದಲ್ಲಿ 0.02ರಷ್ಟು ಅನಿಶ್ಚಯವಿದ್ದರೆ ಹತ್ತಿರದ ವಿಶ್ವದಲ್ಲಿ ಆಳದ ಅಳತೆ 25 ಕೋಟಿ ಜ್ಯೋತಿರ್ವರ್ಷಗಳಿಗೂ ಹೆಚ್ಚು ಅಸ್ಪಷ್ಟವಾಗಿ, ಎಳೆಗಳೂ ಶೂನ್ಯಪ್ರದೇಶಗಳೂ ಒಂದರಲ್ಲೊಂದು ಕಲಸಿಹೋಗುತ್ತವೆ. ರೋಹಿತದಿಂದ ಪಡೆದ ಪಲ್ಲಟದಲ್ಲಿ ಅನಿಶ್ಚಯ 0.0001ರ ಆಸುಪಾಸಿನಲ್ಲಿದ್ದು, ಸ್ವಂತ ಚಲನೆಯ ಪಾಲನ್ನು ಬಿಟ್ಟರೆ ಆಳದಲ್ಲಿ ಹದಿನಾಲ್ಕು-ಹದಿನೈದು ಲಕ್ಷ ಜ್ಯೋತಿರ್ವರ್ಷಗಳ ತಪ್ಪಿಗಷ್ಟೇ ಎಡೆಯಿರುತ್ತದೆ.

ಈಚಿನ ಯೋಜನೆಗಳು ಈ ಎರಡು ಮಾರ್ಗಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಳಸುತ್ತಿವೆ. ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2023ರ ಜುಲೈ 1ರಂದು ಹಾರಿಸಿದ ಯೂಕ್ಲಿಡ್ ದೂರದರ್ಶಕ ಆಕಾಶದ ಮೂರನೆಯ ಒಂದು ಭಾಗದಲ್ಲಿ ಗೆಲಾಕ್ಸಿಗಳ ಆಕಾರಗಳನ್ನೂ ಅವಕೆಂಪು ರೋಹಿತಗಳನ್ನೂ ಸಂಗ್ರಹಿಸುತ್ತಿದೆ. 2025ರ ಮಾರ್ಚ್‌ನಲ್ಲಿ ನಾಸಾ ಹಾರಿಸಿದ ಸ್ಫಿಯರೆಕ್ಸ್ ಇಡೀ ಆಕಾಶವನ್ನು ಅವಕೆಂಪಿನ 102 ಬಣ್ಣಗಳಲ್ಲಿ ಚಿತ್ರಿಸುತ್ತದೆ. ಹವಾಯಿಯ 8.2 ಮೀಟರ್ ಸುಬಾರು ದೂರದರ್ಶಕದಲ್ಲಿ ಸುಮಾರು 2,400 ಫೈಬರ್‌ಗಳ ರೋಹಿತಲೇಖಿ ಕೆಲಸ ಮಾಡುತ್ತಿದೆ. 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಪ್ರಕಟಿಸಿದ ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 8.4 ಮೀಟರ್ ದರ್ಪಣ ಮತ್ತು 3,200 ಮೆಗಾಪಿಕ್ಸೆಲ್ ಕ್ಯಾಮೆರಾದಿಂದ ದಕ್ಷಿಣದ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸಿ ನೂರಾರು ಕೋಟಿ ಗೆಲಾಕ್ಸಿಗಳನ್ನು ದಾಖಲಿಸಲಿದೆ. ಇವುಗಳಲ್ಲಿ ಬಹುಪಾಲು ಗೆಲಾಕ್ಸಿಗಳ ರೋಹಿತ ಸಿಗುವುದು ಸಾಧ್ಯವಿಲ್ಲವಾದ್ದರಿಂದ, ರೋಹಿತವಿರುವ ಅಲ್ಪಭಾಗವನ್ನು ಅಳತೆಗೋಲಾಗಿಟ್ಟುಕೊಂಡು ಉಳಿದವುಗಳ ಬಣ್ಣದಿಂದ ಪಡೆದ ದೂರಗಳನ್ನು ತಿದ್ದಿಕೊಳ್ಳಬೇಕಾಗುತ್ತದೆ. ಡೆಸಿಯಂಥ ಸಮೀಕ್ಷೆಗಳ ಪಟ್ಟಿಗಳಿಗೆ ತಮ್ಮದೇ ನಕ್ಷೆಯ ಆಚೆಗೂ ಇರುವ ಮುಖ್ಯ ಉಪಯೋಗ ಇದೇ ಆಗಿದೆ.